ಹರದಿಲ್ಲಲ್ರೀ!

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಜಾತ್ರೆಗೆ ಬೇಕಾದರೂ ಹೋಗಿ. ರಸಮಂಜರಿಯ ವೇದಿಕೆಯ ಮೇಲೆ, ಕೀಬೋರ್ಡಿನ ಹಿಂದೆ, ಬೆಳಕು ಸರಿಯಾಗಿ ಬೀಳದ ಕಡೆ, ಬೇಸ್ ಗಿಟಾರ್ ಹಿಡಿದು ನಿಂತ ಒಬ್ಬ ಹುಡುಗ ಇರುತ್ತಾನೆ. ತಂತಿ ಯಾವಾಗ ಬದಲಿಸಿದ್ದಪ್ಪಾ ಎಂದು ಕೇಳಿ. ನಿಮ್ಮ ಪ್ರಶ್ನೆಯೇ ಅವನಿಗೆ ವಿಚಿತ್ರವೆನಿಸುತ್ತದೆ. "ಗಿಟಾರ್ ತಂದಾಗ ಇದ್ವಲ್ರೀ, ಅವೇ ಅದಾವು. ಹರದಿಲ್ಲಲ್ರೀ, ಯಾಕ ಬದಲಸ್ಬೇಕು?" ಗಿಟಾರ್ ತಂದದ್ದು ಯಾವಾಗ ಎಂದು ಕೇಳಿದರೆ ಆರ್ಕೆಸ್ಟ್ರಾದ ಮಾಲೀಕರ ಕಡೆ ಕೈ ತೋರಿಸುತ್ತಾನೆ. ಮಾಲೀಕರು ಆ ಹೊತ್ತಿಗೆ ಲೈಟಿನವನ ಜೊತೆ ಜಗಳದಲ್ಲಿರುತ್ತಾರೆ.

"ಹರದಿಲ್ಲಲ್ರೀ" ಎಂಬ ಈ ಒಂದು ಮಾತು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಮ್ಮ ನಾಲ್ಕು ತಾಲೂಕುಗಳ ಸಂಗೀತವನ್ನು ಒಳಗಿನಿಂದ ತಿನ್ನುತ್ತಿದೆ. ಲೀಡ್ ಗಿಟಾರಿನ ಸಣ್ಣ ತಂತಿ ಹಾಡಿನ ನಡುವೆ ಟಪ್ ಎಂದು ಹರಿದು ಮಾನ ಕಳೆಯುತ್ತದೆ, ಹಾಗಾಗಿ ಅದನ್ನು ಬದಲಿಸುವವರಿದ್ದಾರೆ. ಬೇಸಿನ ತಂತಿ ಹರಿಯುವುದಿಲ್ಲ. ವರ್ಷಗಟ್ಟಲೆ ತುಕ್ಕು ತಿಂದು, ಬೆವರು ಕುಡಿದು, ಸದ್ದೇ ಇಲ್ಲದೆ ಸಾಯುತ್ತದೆ. ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಷಡ್ಜದ, ತಂತಿಯೂ ಹೀಗೆಯೇ. ಪಂಚಮದ ಉಕ್ಕಿನ ಎಳೆ ಆಗಾಗ ಕೈಕೊಡುತ್ತದೆ, ಹಿತ್ತಾಳೆಯ ಖರ್ಜ ಮಾತ್ರ ಮನೆಯ ಹಿರಿಯಜ್ಜನ ಹಾಗೆ ಇದ್ದಲ್ಲೇ ಇರುತ್ತದೆ. ಹಾಡಿನ ಭಾರವನ್ನೆಲ್ಲ ಹೊರುವ ತಂತಿಯೇ ಯಾರ ಗಮನಕ್ಕೂ ಬಾರದ ತಂತಿ. ಈ ಅನುಕೂಲವನ್ನು ನಾವು ಸೋಮಾರಿತನಕ್ಕೆ ಚೆನ್ನಾಗಿ ಬಳಸಿಕೊಂಡಿದ್ದೇವೆ.

ಒಮ್ಮೆ ಆ ಗಿಟಾರನ್ನು ಕೈಗೆ ತೆಗೆದುಕೊಂಡು, ಫೋನಿನ ಟಾರ್ಚ್ ಹಾಕಿ ನೋಡಿ. ದಪ್ಪ ತಂತಿ ಎಂದರೆ ನಡುವೆ ಒಂದು ಉಕ್ಕಿನ ಎಳೆ, ಅದರ ಸುತ್ತ ಒತ್ತೊತ್ತಾಗಿ ಸುತ್ತಿದ ಇನ್ನೊಂದು ಎಳೆ. ಆ ಸುತ್ತುಗಳ ಸಂದಿಯಲ್ಲಿ ಕಪ್ಪು ಮೇಣದಂಥ ಜಿಡ್ಡು ತುಂಬಿರುತ್ತದೆ. ಹುಡುಗ ಯಾವ ಮನೆಗಳಲ್ಲಿ ಹೆಚ್ಚು ಒತ್ತುತ್ತಾನೋ, ಮೂರನೆಯದು, ಐದನೆಯದು, ಅಲ್ಲಿ ತಂತಿಯ ಅಡಿಯಲ್ಲಿ ಕತ್ತಿನ ಲೋಹದ ಪಟ್ಟಿ (ಫ್ರೆಟ್) ತಗುಲಿ ಚಪ್ಪಟೆಯಾದ ಕಚ್ಚು ಕಾಣುತ್ತದೆ. ಉಗುರಿನಿಂದ ಉದ್ದಕ್ಕೆ ಗೀರಿ. ಹೊಸ ತಂತಿಯಾದರೆ ಜಿರ್ರೆಂದು ಸದ್ದು ಬರಬೇಕು, ಇಲ್ಲಿ ಉಗುರಿಗೆ ಮಣ್ಣು ಬರುತ್ತದೆ. ನಡುವೆ ಹತ್ತು ನಿಮಿಷ ಬಿಡುವು ಸಿಕ್ಕಾಗ ಹುಡುಗರು ವೇದಿಕೆಯ ಹಿಂದೆ ಮಿರ್ಚಿ ಭಜಿ ಗಿರಮಿಟ್ಟು ತಿನ್ನುತ್ತಾರೆ. ತಿನ್ನಲಿ, ಜಾತ್ರೆಗೆ ಬಂದು ಮಿರ್ಚಿ ತಿನ್ನದಿದ್ದರೆ ಹೇಗೆ? ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನೇರ ತಂತಿಗೆ ಹಚ್ಚುತ್ತಾರಲ್ಲ, ನನ್ನ ಸಿಟ್ಟು ಅಲ್ಲಿ. ಎಣ್ಣೆ, ಉಪ್ಪು, ಬೆವರು, ಜಾತ್ರೆಯ ಧೂಳು ನಾಲ್ಕೂ ಸುತ್ತಿನ ಸಂದಿಗೆ ಇಳಿದು ಕೂತುಬಿಡುತ್ತವೆ. ಕಾರ್ಯಕ್ರಮ ಮುಗಿದ ಮೇಲೆ ಒಣ ಬಟ್ಟೆಯಿಂದ ಒಂದು ನಿಮಿಷ ಒರೆಸಿದವರನ್ನು ತೋರಿಸಿ. ಗಿಟಾರಿಗೆ ಸೆಲ್ಲೊಟೇಪಿನಿಂದ ನಿಂಬೆಹಣ್ಣು ಕಟ್ಟಿದವರನ್ನು ಬೇಕಾದರೆ ನಾನು ತೋರಿಸುತ್ತೇನೆ.

ಇದರಿಂದ ಏನು ಕೆಡುತ್ತದೆ ಎಂದು ಕೇಳುವವರಿದ್ದಾರೆ. "ಬೇಸ್ ಅಂದ್ರ ಧಮ್ ಧಮ್ ಅನ್ನೋದು, ಅದು ಅನ್ನಾಕತ್ತೈತಿ." ಇವರಿಗೆ ಸ್ವಲ್ಪ ಲೆಕ್ಕ ಹೇಳಬೇಕು. ಬೇಸ್ ಗಿಟಾರಿನ ನಾಲ್ಕು ತಂತಿಗಳನ್ನು ರೂಢಿಯಂತೆ ಹಚ್ಚಿದರೆ, ಒತ್ತದೆ ಮೀಟಿದಾಗ ಸೆಕೆಂಡಿಗೆ ಸುಮಾರು 41, 55, 73, 98 ಸಲ ಕಂಪಿಸುತ್ತವೆ. ಜಾತ್ರೆಗೆ ಬಾಡಿಗೆಗೆ ಬರುವ ಸ್ಪೀಕರ್ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಆ 41ನ್ನು ಹೊರಡಿಸುವ ತಾಕತ್ತಿಲ್ಲ. ಕಂಬಕ್ಕೆ ಕಟ್ಟಿದ ಕಹಳೆಯ ಮಾತಂತೂ ಬೇಡ. ಆದರೂ ಬಯಲಿನ ಕೊನೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕೂತವನಿಗೆ ಬೇಸಿನ ಸ್ವರ ತಿಳಿಯುತ್ತದೆ. ಹೇಗೆ? ತಂತಿ 41ರ ಜೊತೆಗೇ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಕಂಪನಗಳನ್ನೂ ಹೊರಡಿಸುತ್ತದೆ. 82, 124, 165 ಹೀಗೆ. ಕಿವಿ ಇವುಗಳನ್ನು ಹಿಡಿದುಕೊಂಡು, ಪೆಟ್ಟಿಗೆಯಿಂದ ಬಾರದ ಬುಡದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಜಿಡ್ಡು ಹಿಡಿದ ತಂತಿಯಲ್ಲಿ ಮೊದಲು ಸಾಯುವುದು ಈ ಮೇಲಿನ ಕಂಪನಗಳೇ. ಅಂದರೆ ಬುಡವನ್ನು ಪೆಟ್ಟಿಗೆ ಕೊಡುವುದಿಲ್ಲ, ಮೇಲಿನದನ್ನು ತಂತಿ ಕೊಡುವುದಿಲ್ಲ. ಉಳಿಯುವುದು ಸ್ವರವೇ ಇಲ್ಲದ ಗುದ್ದು. ಹುಡುಗ ಷಡ್ಜ ಬಾರಿಸಿದನೋ ಪಂಚಮ ಬಾರಿಸಿದನೋ ಎದುರಿಗೆ ಕೂತವರಿಗೆ ಗೊತ್ತಾಗುವುದಿಲ್ಲ. ಆಗ ಮಾಲೀಕರು ಸೌಂಡಿನವನಿಗೆ ಬೈಯುತ್ತಾರೆ, ಸೌಂಡಿನವನು ಬೇಸ್ ಗುಂಡಿ ಪೂರ್ತಿ ತಿರುಗಿಸುತ್ತಾನೆ, ಗುದ್ದು ಇನ್ನಷ್ಟು ಗುದ್ದಾಗುತ್ತದೆ.

ಶ್ರುತಿಯ ಕಥೆ ಇನ್ನೂ ಕೆಟ್ಟದ್ದು. ತಂತಿ ತುದಿಯಿಂದ ತುದಿಗೆ ಒಂದೇ ತೂಕದ್ದಾಗಿದ್ದರೆ ಮಾತ್ರ ಮೇಲಿನ ಮನೆಗಳಲ್ಲಿ ಸ್ವರ ಸರಿಯಾಗಿ ಕೂಡುತ್ತದೆ. ಒಂದು ಕಡೆ ಜಿಡ್ಡು ಸೇರಿ ಭಾರ, ಇನ್ನೊಂದು ಕಡೆ ಸವೆದು ಹಗುರ ಆದ ಮೇಲೆ, ತೆರೆದ ತಂತಿಯನ್ನು ಟ್ಯೂನರ್ ಒಪ್ಪುತ್ತದೆ, ಏಳನೆಯ ಮನೆಯಲ್ಲಿ ಸ್ವರ ಜಾರಿರುತ್ತದೆ. ಗಾಯಕಿ ಬಡಪಾಯಿ ತನ್ನ ಕಂಠವನ್ನೇ ಅನುಮಾನಿಸಿಕೊಂಡು ನಿಂತಿರುತ್ತಾಳೆ.

ಯೂಟ್ಯೂಬ್ ನೋಡುವ ಹುಡುಗರ ಹತ್ತಿರ ಇದಕ್ಕೊಂದು ಸಿದ್ಧ ಉತ್ತರವಿದೆ: ಅಮೆರಿಕದ ಜೇಮ್ಸ್ ಜೇಮರ್ಸನ್. ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ಹಾಡುಗಳಿಗೆ 1960ರ ದಶಕದಲ್ಲಿ ಬೇಸ್ ನುಡಿಸಿದ ದೊಡ್ಡ ಕಲಾವಿದ, ತಂತಿ ಹರಿಯುವವರೆಗೂ ಬದಲಿಸುತ್ತಿರಲಿಲ್ಲ ಎಂಬುದು ಅವನ ಬಗ್ಗೆ ಹೇಳುವ ಮಾತು. ಸರಿ. ಆದರೆ ಅವನು ಹಾಕಿದ್ದು ಎಂಥ ತಂತಿ? ಮೇಲ್ಮೈ ನುಣುಪಾದ ಪಟ್ಟಿ ಸುತ್ತಿನ, ದಪ್ಪನೆಯ ಲಾ ಬೆಲ್ಲಾ ತಂತಿ. ಅದರ ಸಂದಿಯಲ್ಲಿ ಕೊಳೆ ಸೇರುವುದೇ ಕಡಿಮೆ. ನುಡಿಸಿದ್ದು ಎಲ್ಲಿ? ಮುಚ್ಚಿದ ಸ್ಟುಡಿಯೊದಲ್ಲಿ, ಬೇಸಿನ ಧ್ವನಿ ನೇರ ಧ್ವನಿಮುದ್ರಣದ ಯಂತ್ರಕ್ಕೆ ಹೋಗುತ್ತಿದ್ದ ಜಾಗದಲ್ಲಿ. ಆ ಮೊಂಡು ದನಿ ಅವನಿಗೆ ಬೇಕಾಗಿತ್ತು, ಬೇಕೆಂದೇ ಇಟ್ಟುಕೊಂಡ. ಅದೇ ಕಾಲದಲ್ಲಿ ಇಂಗ್ಲೆಂಡಿನ ಬೇಸ್ ವಾದಕ ಜಾನ್ ಎಂಟ್‌ವಿಸಲ್‌ಗೆ ಪಿಯಾನೊದಂತೆ ಮಿಂಚುವ ದನಿ ಬೇಕಿತ್ತು. ಅವನು 1966ರಲ್ಲಿ ರೋಟೊಸೌಂಡ್ ಕಂಪನಿಯವರ ಜೊತೆ ಕೂತು ದುಂಡು ಸುತ್ತಿನ ತಂತಿಯನ್ನು ತನಗೆ ಒಪ್ಪುವ ತನಕ ತಿದ್ದಿಸಿದ. ಇಬ್ಬರ ದಾರಿ ಬೇರೆ, ಆದರೆ ಇಬ್ಬರೂ ಆರಿಸಿದರು. ನೀನು ಏನನ್ನೂ ಆರಿಸಿಲ್ಲ ತಮ್ಮಾ, ಸೆಕೆಂಡ್ ಹ್ಯಾಂಡ್ ಗಿಟಾರಿನ ಜೊತೆ ಬಂದದ್ದನ್ನು ಇಟ್ಟುಕೊಂಡಿದ್ದೀಯ. ಜೇಮರ್ಸನ್ ಹೆಸರನ್ನು ತುಕ್ಕಿಗೆ ಅಡ್ಡ ಹಿಡಿಯಬೇಡ.

ಇದನ್ನೆಲ್ಲ ಬೇರೆ ಯಾವುದೋ ಸೀಮೆಯವರಿಗೆ ಹೇಳುವುದಾದರೆ ಇಷ್ಟು ಗಟ್ಟಿ ದನಿ ಬೇಕಿರಲಿಲ್ಲ. ಈ ಸೀಮೆ ಯಾವುದು ನೆನಪಿದೆಯೇ? ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆ ಕುರುಡು ಹುಡುಗನ ಕಂಠವನ್ನು ಗುರುತಿಸಿ ಬೆಳೆಸಿದವರು ಹಾನಗಲ್ ವಿರಕ್ತಮಠದ ಕುಮಾರ ಸ್ವಾಮಿಗಳು. ಗವಾಯಿಗಳ ಗಾದಿಗೆ ಬಂದ ಪುಟ್ಟರಾಜರು 1914ರಲ್ಲಿ ಅದೇ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದವರು. ಅವರಿಗೂ ಕಣ್ಣಿರಲಿಲ್ಲ. ಸಾರಂಗಿ, ಪಿಟೀಲು, ಹಾರ್ಮೋನಿಯಂ, ತಬಲಾ ಎಲ್ಲವನ್ನೂ ಬೆರಳು ಕಿವಿಗಳಿಂದಲೇ ವಶಮಾಡಿಕೊಂಡರು. ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲಾದರೂ ಲೋಕ ಅವರನ್ನು ಕರೆದದ್ದು ಹಾನಗಲ್ ಎಂದೇ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಕನಕದಾಸರು, ಅದೇ ತಾಲೂಕಿನ ಶಿಶುವಿನಹಾಳದಲ್ಲಿ 1819ರಿಂದ 1889ರವರೆಗೆ ಬಾಳಿದ ಷರೀಫಜ್ಜ. ಸವಣೂರಿನಲ್ಲಿ ನವಾಬರ ಕಾಲದ ಹಾಡು ಬೈಠಕ್ಕುಗಳ ನೆನಪು, ಮೊಹರಮ್ಮಿನ ಪದಗಳು. ಹಿರೇಕೆರೂರಿನವರಂತೂ ಸರ್ವಜ್ಞ ತಮ್ಮವನೆಂದು ಎದೆ ತಟ್ಟಿಕೊಳ್ಳುತ್ತಾರೆ. ಅವನು ಈಗ ಇದ್ದಿದ್ದರೆ ಈ ಬರಹದ ಕೆಲಸವನ್ನು ಮೂರು ಸಾಲಿನಲ್ಲಿ ಮುಗಿಸಿ, ಇದಕ್ಕಿಂತ ಹೆಚ್ಚು ಉರಿಯುವಂತೆ ಬೈದು ಹೋಗುತ್ತಿದ್ದ.

ಇಷ್ಟು ಹೆಸರುಗಳನ್ನು ಸ್ವಾಗತ ಕಮಾನುಗಳ ಮೇಲೆ ಬರೆಸುತ್ತೇವೆ. ಆ ಕಮಾನಿನ ಕೆಳಗೆ ಹಾಯ್ದು ಬರುವ ಭಜನಾ ತಂಡದವರ ಕೈಯಲ್ಲಿರುವ ಏಕತಾರಿಗೆ ಕಟ್ಟಿರುವುದು ಸೈಕಲ್ಲಿನ ಬ್ರೇಕ್ ವೈರಿನಿಂದ ಬಿಚ್ಚಿದ ಎಳೆ! ಕೆಲವರದು ಇನ್ನೂ ಒಂದು ಹೆಜ್ಜೆ ಮುಂದೆ, ಸ್ಲ್ಯಾಬಿನ ಕಬ್ಬಿಣ ಬಿಗಿಯುವ ಬೈಂಡಿಂಗ್ ವೈರ್. ಬೈಂಡಿಂಗ್ ವೈರನ್ನು ಕೈಯಿಂದ ತಿರುವಲು ಬರಲಿ ಎಂದೇ ಕಾಯಿಸಿ ಮೆತ್ತಗೆ ಮಾಡಿರುತ್ತಾರೆ. ಬಿಗಿದಷ್ಟೂ ಅದು ಹಿಗ್ಗುತ್ತ ಹೋಗುತ್ತದೆ, ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ಪದದ ಪಲ್ಲವಿಯಲ್ಲಿದ್ದ ಶ್ರುತಿ ಮೂರನೆಯ ನುಡಿಗೆ ಇರುವುದಿಲ್ಲ. ವಾದ್ಯದ ತಂತಿಗೆ ಬಳಸುವ ಉಕ್ಕೇ ಬೇರೆ: ಇಂಗಾಲ ಹೆಚ್ಚಿರುವ ಉಕ್ಕನ್ನು ತಣ್ಣಗಿರುವಾಗಲೇ ಸಣ್ಣ ಸಣ್ಣ ತೂತುಗಳಲ್ಲಿ ಎಳೆದೆಳೆದು ಗಟ್ಟಿ ಮಾಡಿದ್ದು. ಎಳೆತ ತಡೆಯುತ್ತದೆ, ಸ್ವರ ಹಿಡಿದು ನಿಲ್ಲುತ್ತದೆ. ಪಿಯಾನೊ ತಂತಿಯೆಂದು ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ. ಏಕತಾರಿಗೆ ಬೇಕಾಗುವುದು ಒಂದೇ ಒಂದು ಎಳೆ. ಒಂದು ಎಳೆಯನ್ನೂ ಸರಿಯಾಗಿ ಹಾಕಲಾರದವರು ಗುರುವಿನ ಪದ ಹಾಡಿ ಯಾರನ್ನು ಮೆಚ್ಚಿಸುತ್ತೀರಿ? "ಭಕ್ತಿ ಮುಖ್ಯರೀ, ತಂತಿ ಏನ್ ಮಾಡ್ತೈತಿ" ಎಂದು ಹೇಳುವ ಭಜನಾ ಮೇಳದ ಹಿರಿಯರನ್ನು ನಾನು ಬಲ್ಲೆ. ಅದೇ ಹಿರಿಯರು ಪಲ್ಲಕ್ಕಿಯ ಗೊಂಡೆ ಒಂದು ಬಣ್ಣ ಮಾಸಿದರೆ ಮೂರು ಸಭೆ ಕರೆಯುತ್ತಾರೆ.

ತಂಬೂರಿಗೆ ಬರೋಣ, ಏಕೆಂದರೆ ಬೇಸಿನ ತಂತಿಯ ಮರ್ಮವೆಲ್ಲ ಖರ್ಜದಲ್ಲೇ ಇದೆ. ಅದರ ನಾಲ್ಕು ತಂತಿಗಳು ಪಂಚಮ, ಎರಡು ಜೋಡಿ, ಕೊನೆಗೆ ಖರ್ಜ. ಜೋಡಿಯ ಷಡ್ಜಕ್ಕಿಂತ ಖರ್ಜದ ಷಡ್ಜ ಒಂದು ಸಪ್ತಕ ಕೆಳಗೆ. ತಂತಿಯ ಉದ್ದವನ್ನು ಬದಲಿಸುವಂತಿಲ್ಲ, ಕುದುರೆಯಿಂದ ಮೇಲಿನ ಪಟ್ಟಿಯವರೆಗೆ ನಾಲ್ಕೂ ತಂತಿಗೆ ಒಂದೇ ಉದ್ದ. ಅದೇ ಉದ್ದದಲ್ಲಿ, ಅದೇ ಬಿಗಿಯಲ್ಲಿ ಸಪ್ತಕ ಕೆಳಗಿಳಿಯಬೇಕಾದರೆ ತಂತಿಯ ತೂಕ ನಾಲ್ಕು ಪಟ್ಟಾಗಬೇಕು. ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿ ಈ ಲೆಕ್ಕವನ್ನು 1636ರಲ್ಲಿ ಅಚ್ಚು ಹಾಕಿಸಿದ. ಲೆಕ್ಕ ಬರೆಯದೆಯೂ ನಮ್ಮ ತಂಬೂರಿಯವರು ಅದನ್ನು ಬಲ್ಲವರಾಗಿದ್ದರು, ಅದಕ್ಕೇ ಜೋಡಿಗೆ ಸಣ್ಣ ಉಕ್ಕು, ಖರ್ಜಕ್ಕೆ ದಪ್ಪ ಹಿತ್ತಾಳೆ ಅಥವಾ ಕಂಚು. ಮನೆಯಲ್ಲಿ ಹಿತ್ತಾಳೆ ತಂತಿ ಮುಗಿದಿದೆ ಎಂದು ಜೋಡಿಯ ತಂತಿಯನ್ನೇ ಖರ್ಜದ ಬಿರಡೆಗೆ ಸುತ್ತುವವರಿದ್ದಾರಲ್ಲ, ಅವರು ಷಡ್ಜ ಸಿಗಬೇಕಾದರೆ ಬಿಗಿಯನ್ನು ಕಾಲು ಭಾಗಕ್ಕೆ ಇಳಿಸಬೇಕು. ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುತ್ತದೆ. ಆಮೇಲೆ ಕುದುರೆಯ ಮೇಲೆ ಜೀವಾಳದ ದಾರವನ್ನು ಎಷ್ಟು ಹಿಂದೆ ಮುಂದೆ ಸರಿಸಿದರೂ ಜವಾರಿ, ಅಂದರೆ ತಂಬೂರಿಯ ಝೇಂಕಾರ, ಬಿಡುವುದಿಲ್ಲ. ಬಿಡದಿದ್ದಾಗ ಕುದುರೆಯನ್ನೇ ಅರದಿಂದ ಉಜ್ಜಿ ಕೆಡಿಸುತ್ತಾರೆ. ತಪ್ಪು ತಂತಿಯದು, ಶಿಕ್ಷೆ ಕುದುರೆಗೆ.

ಇನ್ನು ಹಾಡುವವರ ಶ್ರುತಿ. ಗಂಡಸರಿಗೆ ಸಾಮಾನ್ಯವಾಗಿ ಹಾರ್ಮೋನಿಯಂನ ಕರಿ ಒಂದರ ಆಸುಪಾಸು, ಹೆಂಗಸರಿಗೆ ಕರಿ ನಾಲ್ಕು ಐದು. ಕರಿ ಒಂದಕ್ಕೂ ಮೇಲಿನ ಕರಿ ನಾಲ್ಕಕ್ಕೂ ಷಡ್ಜ ಪಂಚಮದ ಅಂತರ. ಅದೇ ತಂಬೂರಿಯಲ್ಲಿ ಅದೇ ತಂತಿಯನ್ನು ಅಷ್ಟು ಏರಿಸಿದರೆ ಎಳೆತ ಎರಡೂಕಾಲು ಪಟ್ಟಾಗುತ್ತದೆ. ಅದಕ್ಕೇ ಗಂಡು ತಂಬೂರಿಯ ಅಳತೆ ಬೇರೆ, ಹೆಣ್ಣು ತಂಬೂರಿಯ ಅಳತೆ ಬೇರೆ, ತಂತಿಯ ನಂಬರೂ ಬೇರೆ. ಹಾಗೆಂದು "ಹೆಂಗಸರದೇನ್ರಿ? ಹಂಗಾರ ಸಣ್ಣ ತಂತಿ" ಎಂದು ಕಣ್ಣು ಮುಚ್ಚಿ ಕಟ್ಟುವುದೂ ಸೋಮಾರಿತನವೇ. ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ಕಂಠ ಇಳಿದು, ಗಂಡುದನಿಯಂಥ ಗಾಂಭೀರ್ಯಕ್ಕೆ ಬಂದಿತು. ಆ ದನಿಯೇ ಅವರ ಹೆಸರಾಯಿತು. ಅಂಥ ಕಂಠದ ಎದುರು ಕೂತು ಹೆಣ್ಣು ತಂಬೂರಿಯ ನಂಬರನ್ನು ಬಾಯಿಪಾಠ ಒಪ್ಪಿಸುವವನಿಗೆ ಕಿವಿ ಇದೆ ಎನ್ನಬಹುದೇ? ಹಾಡುವವರು ಒಂದು ಸಲ ಷಡ್ಜ ಹಿಡಿಯಲಿ, ಅದನ್ನು ಕೇಳಿ ತಂತಿ ಆರಿಸಬೇಕು. ತಂಬೂರಿಗೆ ಹೆಸರಾದ ಮಿರಜ್ ನಮಗೇನೂ ದೂರದ ಊರಲ್ಲ. ಅಲ್ಲಿನ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ. ಅಲ್ಲಿಂದ ದುಡ್ಡು ಕೊಟ್ಟು ತಂಬೂರಿ ತರುತ್ತೇವೆ, ತಂತಿ ಹೋದಾಗ ಮಾತ್ರ ಬಸ್ ಚಾರ್ಜಿನ ನೆನಪಾಗುತ್ತದೆ.

ಬಹಳ ಜನಕ್ಕೆ ತಂಬೂರಿ ಈಗ ಗೋಡೆಯ ಮೇಲಿದೆ. ಕುಂಕುಮ ಹಚ್ಚಿಸಿಕೊಂಡು, ಖಂಡೆಪೂಜೆಯ ದಿನ ಒಂದು ಚೆಂಡು ಹೂವಿನ ಮಾಲೆ ಹಾಕಿಸಿಕೊಂಡು. ಹಾಡಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅದೂ ಬೇಡವೆಂದರೆ ಮೊಬೈಲು. ಬೆಂಗಳೂರಿನ ರಾಡೆಲ್‌ನಂಥ ಕಂಪನಿಗಳು ಪ್ರಯಾಣಕ್ಕೆ, ಒಂಟಿಯಾಗಿ ಅಭ್ಯಾಸ ಮಾಡುವವರಿಗೆ ಬಹಳ ಉಪಕಾರ ಮಾಡಿವೆ, ಆ ಪೆಟ್ಟಿಗೆಯ ಮೇಲೆ ನನ್ನ ತಕರಾರಿಲ್ಲ. ಆದರೆ ಕಲಿಯುವ ಮಗು ತಿಂಗಳಿಗೊಮ್ಮೆಯಾದರೂ ಬಿರಡೆ ತಿರುಗಿಸಿ, ಮಣಿ ಸರಿಸಿ, ಎರಡು ಜೋಡಿ ಒಂದಾಗಿ ಕರಗುವುದನ್ನು ತನ್ನ ಕೈಯಿಂದ ಮಾಡಿ ಕೇಳಬೇಡವೇ? ಗುಂಡಿ ಒತ್ತಿ ಶ್ರುತಿ ಪಡೆದ ಹುಡುಗನೇ ನಾಳೆ ಬೇಸ್ ಗಿಟಾರ್ ಹಿಡಿಯುತ್ತಾನೆ. ಸತ್ತ ತಂತಿ ಅವನಿಗೆ ಕೇಳಿಸದಿದ್ದರೆ ಆಶ್ಚರ್ಯವೇನು! ಗುರುಗಳೇ, ರಾಗ ನೂರು ಕಲಿಸುತ್ತೀರಿ, ತಂತಿ ಕಟ್ಟುವುದನ್ನು ಒಂದು ದಿನ ಕಲಿಸಿ. ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಎದ್ದು ನಿಂತಿರುವಾಗ, ನಮ್ಮ ಊರುಗಳಲ್ಲಿ ಹೇಳಿಕೊಡುವವರಿಲ್ಲ ಎಂಬ ನೆಪ ಯಾರ ಬಾಯಲ್ಲೂ ಒಪ್ಪುವುದಿಲ್ಲ.

ಬೇಸ್ ಗಿಟಾರಿನ ಹುಡುಗ ಇದೆಲ್ಲ ತನಗೆ ಸಂಬಂಧವಿಲ್ಲದ ಮಾತು ಎಂದುಕೊಂಡರೆ, ಅವನು ತನ್ನ ವಾದ್ಯವನ್ನೇ ಅರಿತಿಲ್ಲ. ಷರೀಫಜ್ಜನ ಪದಗಳನ್ನು ಸಿ. ಅಶ್ವತ್ಥ್ ಮನೆ ಮನೆಗೆ ಮುಟ್ಟಿಸಿದರು. ಆಮೇಲೆ ರಘು ದೀಕ್ಷಿತರ ತಂಡ ಅವನ್ನೇ ಬೇಸ್ ಗಿಟಾರ್, ಡ್ರಮ್ಮಿನ ಜೊತೆ ಹಾಡಿತು, 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲೂ ಸೇರಿಸಿತು. ಆ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯವರೆಗೂ ಹೋಯಿತು. ಶಿಶುವಿನಹಾಳದ ಪದಕ್ಕೆ ಏಕತಾರಿ ಕೊಡುತ್ತಿದ್ದ ಆಧಾರವನ್ನು ಅಲ್ಲಿ ಕೊಟ್ಟದ್ದು ಬೇಸ್ ಗಿಟಾರ್. ಅದೇ ಪದ, ಅದೇ ವಾದ್ಯ ನಿನ್ನ ಕೈಯಲ್ಲಿದೆ, ಪದ ಹುಟ್ಟಿದ ಸೀಮೆಯಲ್ಲೇ ನಿಂತು ನುಡಿಸುತ್ತಿದ್ದೀಯ.

ಹಾಗಾದರೆ ಯಾವ ತಂತಿ? ಹುಬ್ಬಳ್ಳಿಯ ಅಂಗಡಿಗೆ ಹೋಗಿ "ಬೇಸಿಂದು ಒಂದ್ ಸೆಟ್ ಕೊಡ್ರಿ, ಯಾವ್ದಾದ್ರೂ ನಡೀತೈತಿ" ಎನ್ನಬೇಡಿ. ಮೊದಲು ಮನೆಯಲ್ಲೇ ಟೇಪು ಹಿಡಿದು, ಮೇಲಿನ ಪಟ್ಟಿಯಿಂದ ಹನ್ನೆರಡನೆಯ ಮನೆಯ ಪಟ್ಟಿಯವರೆಗೆ ಅಳೆದು ಎರಡು ಪಟ್ಟು ಮಾಡಿ. ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಬೇಸಿನಿಂದ ಹಿಡಿದು ಬಹುಪಾಲು ಬೇಸುಗಳು 34 ಇಂಚಿನವು. 30 ಇಂಚಿನ ಗಿಡ್ಡ ಬೇಸುಗಳೂ ಇವೆ, ಅವಕ್ಕೆ ಬೇರೆ ಉದ್ದದ ಸೆಟ್ಟು. ಉದ್ದನೆಯದನ್ನು ತಂದು ಗಿಡ್ಡದಕ್ಕೆ ಹಾಕಿದರೆ ತಂತಿಯ ದಪ್ಪ ಭಾಗವೇ ಬಿರಡೆಯ ಸುತ್ತ ಮುರಿದುಕೊಂಡು ಕೂರುತ್ತದೆ. ಮುಂದೆ ದಪ್ಪ. ಸಾಮಾನ್ಯ ಸೆಟ್ಟಿನ ಮೇಲೆ 45ರಿಂದ 105 ಎಂದಿರುತ್ತದೆ. ಅದು ಇಂಚಿನ ಸಾವಿರದ ಭಾಗದ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟೂ ತಂತಿ ದಪ್ಪ. ತಂಬೂರಿಯ ತಂತಿಯ ಗೇಜು ಇದಕ್ಕೆ ತಿರುಗಾಮುರುಗಾ, ನಂಬರ್ ಏರಿದಷ್ಟೂ ಎಳೆ ಸಣ್ಣದು. ಎರಡೂ ವಾದ್ಯ ಇರುವ ಮನೆಯಲ್ಲಿ ಈ ಗೊಂದಲದಿಂದಲೇ ತಪ್ಪು ತಂತಿ ಬಂದದ್ದುಂಟು.

ನಮ್ಮ ಆರ್ಕೆಸ್ಟ್ರಾಗಳಲ್ಲಿ ಇನ್ನೊಂದು ರೂಢಿ ಇದೆ. ಗಾಯಕರ ದನಿ ಮೇಲೆ ಏರುವುದಿಲ್ಲವೆಂದು ಇಡೀ ಗಿಟಾರನ್ನೇ ಒಂದು ಪೂರ್ತಿ ಸ್ವರ ಇಳಿಸಿಬಿಡುವುದು. ಇಳಿಸಬಾರದೆಂದೇನಿಲ್ಲ. ಆದರೆ ಅದೇ ತಂತಿಯಲ್ಲಿ ಒಂದು ಸ್ವರ ಇಳಿಸಿದರೆ ಎಳೆತ ಐದರಲ್ಲಿ ಒಂದು ಪಾಲು ಕುಸಿಯುತ್ತದೆ. ದಪ್ಪ ತಂತಿ ಪಟ್ಟಿಗಳಿಗೆ ಬಡಿದು ಚಟಚಟ ಎನ್ನುತ್ತದೆ. ನಿತ್ಯ ಇಳಿಸಿಯೇ ನುಡಿಸುವುದಾದರೆ 105ರ ಜಾಗಕ್ಕೆ 115, 120ರ ಕಡೆ ಹೋಗಬೇಕು, ಉಳಿದವೂ ಆ ಲೆಕ್ಕಕ್ಕೆ ತಕ್ಕಂತೆ. ದಪ್ಪ ಬದಲಿಸಿದ ಮೇಲೆ ಕತ್ತಿನ ಒಳಗಿನ ಸರಳನ್ನೂ ಕುದುರೆಯ ತಿರುಪುಗಳನ್ನೂ ಸರಿಮಾಡಬೇಕು. ನಾಲ್ಕು ತಂತಿ ಸೇರಿ ಆ ಕತ್ತನ್ನು ಎಳೆಯುವ ಬಲ 70, 80 ಕಿಲೋ, ಅಂದರೆ ತುಂಬಿದ ಅಕ್ಕಿ ಚೀಲಕ್ಕಿಂತ ಹೆಚ್ಚು. ಅದನ್ನು ಏರುಪೇರು ಮಾಡಿ ಕತ್ತು ಸುಮ್ಮನಿರಲಿ ಎಂದರೆ ಇದ್ದೀತೇ?

ಸುತ್ತಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ಬಯಲಿನಲ್ಲಿ, ಸಾಧಾರಣ ಪೆಟ್ಟಿಗೆಗಳ ಮೇಲೆ ನುಡಿಸುವವರಿಗೆ ನಿಕಲ್ ಲೇಪದ ದುಂಡು ಸುತ್ತು ಒಳ್ಳೆಯದು, ಸ್ವರ ದೂರಕ್ಕೆ ತಿಳಿಯುತ್ತದೆ. ಮಠದ ಒಳಾಂಗಣದಲ್ಲಿ ವಚನ, ತತ್ವಪದಕ್ಕೆ ಮಾತ್ರ ಕೂರುವುದಾದರೆ ಪಟ್ಟಿ ಸುತ್ತಿನ ನುಣುಪು ದನಿ ಹಿತ. ಸ್ಟೇನ್‌ಲೆಸ್ ಸ್ಟೀಲಿನ ಮಿಂಚು ಕೆಲವರಿಗೆ ಇಷ್ಟ, ಪಟ್ಟಿಗಳನ್ನು ಬೇಗ ಸವೆಸುತ್ತದೆ. ಒಂದನ್ನು ಮಾತ್ರ ಖಡಾಖಂಡಿತ ಹೇಳುತ್ತೇನೆ: ಒಂದೇ ತಂತಿ ಬಿಡಿಯಾಗಿ ತಂದು ಮೂರು ಮುದುಕರ ನಡುವೆ ಕೂರಿಸಬೇಡಿ. ಅದೊಂದೇ ಕಿರಿಚುತ್ತದೆ.

ಆಷಾಢ ಶ್ರಾವಣದಲ್ಲಿ ಹಾನಗಲ್, ಹಿರೇಕೆರೂರು ಕಡೆ ಗೋಡೆಯೇ ಬೆವರುತ್ತದೆ. ಅರೆ ಮಲೆನಾಡಿನ ಆ ತೇವಕ್ಕೆ ಉಕ್ಕು ಎಷ್ಟು ದಿನ ತಡೆದೀತು? ಸವಣೂರಿನ ಒಣ ಹವೆಯಲ್ಲಿ ಆರು ತಿಂಗಳು ಬಾಳುವ ತಂತಿ ಹಾನಗಲ್ ಕಡೆ ಮೂರೇ ತಿಂಗಳಿಗೆ ಮಂಕಾದರೆ ಅಂಗಡಿಯವನನ್ನು ಬೈಯಬೇಡಿ. ಚೀಲದ ಜಿಪ್ ಹಾಕಿಡಿ, ತೇವ ಹೀರುವ ಪೊಟ್ಟಣ ಒಂದನ್ನು ಒಳಗಿಡಿ. ಕೆಲವು ಜಾಣರು ಹಳೆಯ ತಂತಿಗಳನ್ನು ಪಾತ್ರೆಯಲ್ಲಿ ಕುದಿಸಿ ಮತ್ತೆ ಹಾಕುತ್ತಾರೆ. ಜಿಡ್ಡು ಬಿಟ್ಟು ಒಂದೆರಡು ಕಾರ್ಯಕ್ರಮಕ್ಕೆ ಹೊಸತರ ಹಾಗೆ ಕೇಳಿಸುವುದು ನಿಜ. ಆದರೆ ಪಟ್ಟಿ ಕಡಿದ ಕಚ್ಚನ್ನು ಕುದಿನೀರು ಮುಚ್ಚುವುದಿಲ್ಲ, ಸುತ್ತಿನೊಳಗೆ ಉಳಿದ ನೀರು ಒಳಗಿನಿಂದ ತುಕ್ಕು ತರುತ್ತದೆ. ಆ ಪಾತ್ರೆಯಲ್ಲಿ ಮರುದಿನ ಚಹಾ ಕುದಿಸುವುದನ್ನೂ ಕಂಡಿದ್ದೇನೆ, ಅದರ ಬಗ್ಗೆ ಇಲ್ಲಿ ಬರೆಯಲಾರೆ.

ದುಡ್ಡಿಲ್ಲ ಎನ್ನುತ್ತೀರಿ. ಹುಡುಗ ಹೇಳಿದರೆ ನಂಬುತ್ತೇನೆ, ರಾತ್ರಿಯಿಡೀ ನುಡಿಸಿದ್ದಕ್ಕೆ ಅವನ ಕೈಗೆ ಬೀಳುವುದು ಎಷ್ಟೆಂದು ಎಲ್ಲರಿಗೂ ಗೊತ್ತು. ಮಾಲೀಕರು ಹೇಳಿದರೆ ನಂಬುವುದಿಲ್ಲ. ಜಾತ್ರಾ ಕಮಿಟಿಯವರು ಹೇಳಿದರೆ ನಗು ಬರುತ್ತದೆ. ಒಂದು ಒಳ್ಳೆಯ ಸೆಟ್ಟಿಗೆ ಎರಡು ಸಾವಿರದ ಆಸುಪಾಸು. ಕಮಿಟಿಯವರು ಗಣ್ಯರ ಕೊರಳಿಗೆ ಹಾಕಿ, ಅವರು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೋಗುವ ಶಾಲು ಹಾರಗಳ ಖರ್ಚೇ ಅದಕ್ಕಿಂತ ಹೆಚ್ಚು. ಸವಣೂರಿನ ಎಲೆ ಕೊಳ್ಳುವಾಗ ಇದೇ ಜನ ಕಟ್ಟು ಬಿಚ್ಚಿಸುತ್ತಾರೆ, ತೊಟ್ಟು ನೋಡುತ್ತಾರೆ, ಒಂದು ಎಲೆ ಮುರಿದು ಬಾಯಿಗಿಟ್ಟು ಖಾರ ನೋಡಿ, ಇದು ನಿನ್ನೆಯದು ಎಂದು ವಾಪಸ್ ಎಸೆಯುತ್ತಾರೆ. ಉಗುಳಿ ಬಿಡುವ ಎಲೆಗೆ ಇಷ್ಟು ಪರೀಕ್ಷೆ ಮಾಡುವವರಿಗೆ ಊರೆಲ್ಲ ಕೇಳುವ ಸ್ವರದ ಮುಂದೆ ಮಾತ್ರ ನಾಲಿಗೆ ಕಿವಿ ಎರಡೂ ಮರಗಟ್ಟುತ್ತವೆ. ಇನ್ನು ಮುಂದೆ ಆರ್ಕೆಸ್ಟ್ರಾದವರಿಗೆ ವೀಳ್ಯ ಕೊಡುವಾಗ ಎಷ್ಟು ಲೈಟು, ಎಷ್ಟು ಪೆಟ್ಟಿಗೆ, ಎಷ್ಟು ಡ್ಯಾನ್ಸರು ಎಂದು ಕೇಳುವ ಜೊತೆಗೆ, ತಂತಿ ಯಾವಾಗ ಬದಲಿಸಿದ್ದೀರಿ ಎಂದೂ ಕೇಳಿ. ಒಮ್ಮೆ ಕೇಳಿದರೆ ಸಾಕು, ಆ ಸುದ್ದಿ ನಾಲ್ಕೂ ತಾಲೂಕಿಗೆ ವಾರದೊಳಗೆ ಮುಟ್ಟುತ್ತದೆ.

ಹೊಸ ಸೆಟ್ಟು ಬಂತು ಅನ್ನೋಣ. ನಾಲ್ಕನ್ನೂ ಒಮ್ಮೆಲೇ ಬಿಚ್ಚಿ ಕತ್ತನ್ನು ಸಡಿಲ ಬಿಡಬೇಡಿ, ಒಂದೊಂದೇ ಬದಲಿಸಿ. ತಂತಿಯನ್ನು ತನ್ನ ಬಿರಡೆಯಿಂದ ಇನ್ನೂ ಎರಡು ಬಿರಡೆಯಷ್ಟು ಮುಂದಕ್ಕೆ ಎಳೆದು ಅಳತೆ ನೋಡಿ. ಕತ್ತರಿಸುವ ಮುಂಚೆ ಅಲ್ಲಿ ಇಕ್ಕಳದಿಂದ ಚೂಪಾಗಿ ಮಡಿಸಿ, ಮಡಿಸಿದ ಆಚೆ ಕತ್ತರಿಸಿ. ಮಡಿಸದೆ ಕತ್ತರಿಸಿದರೆ ಹೊರಗಿನ ಸುತ್ತು ಒಳಗಿನ ಎಳೆಯಿಂದ ಸಡಿಲಾಗಿ, ಹೊಸ ತಂತಿ ಮೊದಲ ದಿನವೇ ಸತ್ತುಹೋಗಬಹುದು. ತುದಿಯನ್ನು ಬಿರಡೆಯ ನಡುವಿನ ತೂತಿಗೆ ಇಳಿಸಿ, ಎರಡು ಮೂರು ಸುತ್ತು ಮೇಲಿನಿಂದ ಕೆಳಕ್ಕೆ ಒಂದರ ಮೇಲೊಂದು ಹತ್ತದಂತೆ ಬರಲಿ. ಶ್ರುತಿಗೆ ತಂದು, ಅಂಗೈಯಿಂದ ಮೆಲ್ಲಗೆ ಮೇಲಕ್ಕೆಳೆದು, ಮತ್ತೆ ಶ್ರುತಿಗೆ ತನ್ನಿ. ಇಳಿಯುವುದು ನಿಲ್ಲುವ ತನಕ ಇದೇ ಕೆಲಸ. ಆಮೇಲೆ ಹನ್ನೆರಡನೆಯ ಮನೆಯಲ್ಲಿ ಒತ್ತಿದ ಸ್ವರವನ್ನು, ಅಲ್ಲೇ ಬೆರಳು ಸೋಕಿಸಿ ಹೊರಡಿಸಿದ ಸ್ವರದ ಜೊತೆ ಹೋಲಿಸಿ. ಒತ್ತಿದ್ದು ಏರಿದ್ದರೆ ಕುದುರೆಯನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಇದನ್ನು ಕಾರ್ಯಕ್ರಮದ ಹಿಂದಿನ ದಿನ ಮನೆಯಲ್ಲಿ ಮಾಡಿ. ಗಣಪತಿ ಪೂಜೆ ಮುಗಿದು ಮೈಕಿನಲ್ಲಿ ಹೆಸರು ಕರೆದ ಮೇಲೆ ವೇದಿಕೆಯ ಮೂಲೆಯಲ್ಲಿ ಕೂತು ಶುರು ಮಾಡುವ ಕೆಲಸ ಇದಲ್ಲ.

ಕತ್ತರಿಸಿದ ತುಂಡುಗಳನ್ನು ಆರಿಸಿ ಒಂದು ಡಬ್ಬಿಗೆ ಹಾಕಿ. ಮಠದ ಅಂಗಳದಲ್ಲಿ, ಗುಡಿಯ ಕಟ್ಟೆಯ ಮೇಲೆ ಜನ ಬರಿಗಾಲಿನಲ್ಲಿ ಓಡಾಡುತ್ತಾರೆ. ಸೂಜಿಯಂಥ ಆ ಉಕ್ಕಿನ ತುದಿಗಳನ್ನು ಜಮಖಾನದ ಅಡಿಗೆ ಸರಿಸಿ ಎದ್ದು ಹೋಗುವ ಚಟವೂ ನಿಮ್ಮಲ್ಲಿದೆ.